ಏಣಿ ಗಟ್ಟಿಯಿದ್ದರೆ ಸಾಲದು, ಅದರ ಹಿಡಿತ ಗಟ್ಟಿಯಿರಬೇಕು



ನಮ್ಮ ಸಭೆಗಳಲ್ಲಿ ಗ್ಯಾಸ್ ದರ, ಜಿಎಸ್‌ಟಿ, ಲೈಸೆನ್ಸ್ ನವೀಕರಣ, ಕೆಲಸಗಾರರ ಕೊರತೆ ಎಂದು ಗಂಟೆಗಟ್ಟಲೆ ಚರ್ಚೆ ನಡೆಯುತ್ತದೆ. ಅಟ್ಟದ ಏಣಿಯ ವಿಷಯ ಎತ್ತಿದವರನ್ನು ನಾನು ಕಂಡಿಲ್ಲ. ನಾನೂ ಎತ್ತಿದವನಲ್ಲ. ಎರಡು ಮಳೆಗಾಲದ ಹಿಂದೆ ನಾಸಿಕ್‌ನ ನನ್ನ ಹೋಟೆಲಿನಲ್ಲೇ ಒಬ್ಬ ಹುಡುಗ ಬಿದ್ದ ಮೇಲೆ ಕಣ್ಣು ತೆರೆಯಿತು.

ಬೆಳಗಿನ ನಾಷ್ಟಾ ರಶ್ಶಿನ ಹೊತ್ತು. ಜಾರ್ಖಂಡ್ ಕಡೆಯ ಹುಡುಗ, 15 ಕೆಜಿ ಎಣ್ಣೆ ಡಬ್ಬ ಹೆಗಲ ಮೇಲಿಟ್ಟುಕೊಂಡು ಅಟ್ಟದಿಂದ ಇಳಿಯುತ್ತಿದ್ದ. ಏಣಿ ಮುರಿಯಲಿಲ್ಲ, ಮೆಟ್ಟಿಲು ಬಾಗಲೂ ಇಲ್ಲ. ಏಣಿಯ ತಲೆಯನ್ನು ಗೋಡೆಗೆ ಹಿಡಿದಿದ್ದ ಕ್ಲಾಂಪ್ ಗಾರೆಯ ಸಮೇತ ಕಿತ್ತು ಬಂತು. ಹುಡುಗನ ಹಿಮ್ಮಡಿ ಮೂಳೆ ಮುರಿಯಿತು. ಮೂರು ತಿಂಗಳು ಮಲಗಿದ. ಎಣ್ಣೆ ಡಬ್ಬ ತಲೆಯ ಮೇಲೆ ಬೀಳದೆ ಪಕ್ಕಕ್ಕೆ ಬಿದ್ದದ್ದು ದೇವರ ದಯೆ.

ಆಮೇಲೆ ಗೋಡೆ ನೋಡಿದೆ. ಪ್ಲಾಸ್ಟಿಕ್ ಗಿಟ್ಟಿ ಹಾಕಿ ಬಿಗಿದ ನಾಲ್ಕು ಸ್ಕ್ರೂಗಳು. ಅವೂ ಇಟ್ಟಿಗೆಗೆ ತಲುಪದೆ ಪ್ಲಾಸ್ಟರಿನಲ್ಲೇ ನಿಂತಿದ್ದವು. ಒಳ್ಳೆಯ ಪೈಪು, ಒಳ್ಳೆಯ ವೆಲ್ಡಿಂಗ್ ಎಂದು ಏಣಿಗೆ ಸಾವಿರಾರು ರೂಪಾಯಿ ಕೊಟ್ಟಿದ್ದೆ. ಅದನ್ನು ಗೋಡೆಗೆ ಹಿಡಿಸುವ ಕೆಲಸವನ್ನು ಮಾತ್ರ ವೆಲ್ಡಿಂಗ್‌ನವನ ಚೀಲದಲ್ಲಿ ಉಳಿದಿದ್ದ ಸ್ಕ್ರೂಗಳಿಗೆ ಬಿಟ್ಟಿದ್ದೆ. ತಪ್ಪು ಅವನದ್ದಲ್ಲ, ನನ್ನದು. ಅದಕ್ಕೇ ಹೇಳುತ್ತೇನೆ: ಏಣಿ ಕೊಳ್ಳುವಾಗ ಏಣಿಯನ್ನಲ್ಲ, ಮೊದಲು ಅದರ ಹಿಡಿತವನ್ನು ನೋಡಿ.

ಮೊದಲು ಗೋಡೆಯ ಗುಣ ತಿಳಿಯಿರಿ

ನಮ್ಮ ಹೋಟೆಲುಗಳು ಒಂದೇ ಬಗೆಯ ಕಟ್ಟಡಗಳಲ್ಲಿ ಇಲ್ಲ. ನಾಸಿಕ್‌ನ ಮೇನ್ ರೋಡ್, ಭದ್ರಕಾಳಿ, ಪಂಚವಟಿಯ ಹಳೆಯ ವಾಡೆಗಳಲ್ಲಿ ಸುಣ್ಣದ ಗಾರೆಯ ಇಟ್ಟಿಗೆ ಗೋಡೆ, ಮರದ ತೊಲೆ. ಛತ್ರಪತಿ ಸಂಭಾಜಿನಗರದ ಗುಲ್ಮಂಡಿಯಲ್ಲೂ ಹಳೆಯ ಗೋಡೆಗಳೇ ಹೆಚ್ಚು. ಸಿಡ್ಕೊ, ಜಾಲ್ನಾ ರೋಡ್ ಕಡೆಯ ಹೊಸ ಕಟ್ಟಡಗಳಲ್ಲಿ ಆರ್‌ಸಿಸಿ ಕಂಬ, ನಡುವೆ ಟೊಳ್ಳು ಬ್ಲಾಕ್ ಅಥವಾ ಹಗುರ ಸಿಮೆಂಟ್ ಬ್ಲಾಕ್ ಗೋಡೆ ಸಿಗುತ್ತದೆ. ಒಂದೇ ಬೋಲ್ಟ್ ಈ ಎಲ್ಲಕ್ಕೂ ಸರಿಯಾಗುವುದಿಲ್ಲ.

ಆರ್‌ಸಿಸಿ ಬೀಮ್ ಅಥವಾ ಕಂಬ ಸಿಕ್ಕರೆ ಅದೇ ಉತ್ತಮ. ಅಲ್ಲಿ 10 ಅಥವಾ 12 ಮಿ.ಮೀ. ಆಂಕರ್ ಬೋಲ್ಟ್, ನಮ್ಮ ಹಾರ್ಡ್‌ವೇರ್ ಅಂಗಡಿಯವರು ರಾವಲ್ ಬೋಲ್ಟ್ ಎನ್ನುವುದು, ಚೆನ್ನಾಗಿ ಕೂರುತ್ತದೆ. ಅದು ರಂಧ್ರದೊಳಗೆ ಅರಳಿ ಸುತ್ತಲೂ ಒತ್ತಿ ಹಿಡಿಯುತ್ತದೆ. ಆದ್ದರಿಂದ ಅಂಚಿಗೆ ತೀರ ಹತ್ತಿರ ಕೊರೆಯಬಾರದು, ಕಾಂಕ್ರೀಟ್ ಸೀಳುತ್ತದೆ. ಕೊರೆದ ಮೇಲೆ ರಂಧ್ರದ ಧೂಳನ್ನು ಪೂರ್ತಿ ಊದಿ ತೆಗೆಸಿ. ಧೂಳು ಉಳಿದರೆ ಬೋಲ್ಟ್ ಕಚ್ಚುವುದಿಲ್ಲ.

ಇಟ್ಟಿಗೆ ಗೋಡೆಯಲ್ಲಿ ಅದೇ ಬೋಲ್ಟ್ ಇಟ್ಟಿಗೆಯನ್ನು ಸೀಳಬಹುದು. ಅಲ್ಲಿ ಗೋಡೆಯ ಆಚೆ ಬದಿಗೆ ದಾಟುವ ಉದ್ದ ಬೋಲ್ಟ್ ಹಾಕಿ, ಹಿಂದೆ ಕಬ್ಬಿಣದ ಪಟ್ಟಿ ಕೊಟ್ಟು ಬಿಗಿಸುವುದು ಹಿರಿಯರ ಕಾಲದ ವಿಧಾನ, ಇಂದಿಗೂ ಸರಿಯಾದದ್ದು. ಟೊಳ್ಳು ಬ್ಲಾಕಿಗೆ ಜಾಲರಿ ನಳಿಗೆಯ ಜೊತೆ ಕೆಮಿಕಲ್ ಆಂಕರ್ ಬರುತ್ತದೆ. ಅದು ಗಟ್ಟಿಯಾಗಲು ಪ್ಯಾಕೆಟ್ ಮೇಲೆ ಬರೆದಷ್ಟು ಹೊತ್ತು ಕಾಯಬೇಕು. ಭಟ್ಟಿಯ ಬಿಸಿ ತಾಗುವಲ್ಲಿ ಅದು ಬೇಡ, ಶಾಖಕ್ಕೆ ಅದರ ಹಿಡಿತ ಕುಗ್ಗುತ್ತದೆ. ವಾಡೆಯ ಸುಣ್ಣದ ಗೋಡೆಯನ್ನಂತೂ ನಂಬಲೇಬೇಡಿ. ನೆಲದಿಂದ ಅಟ್ಟದ ಚಾನೆಲ್‌ವರೆಗೆ ಎರಡು ಕಂಬ ನಿಲ್ಲಿಸಿ ಏಣಿಯನ್ನು ಅವಕ್ಕೇ ಹಿಡಿಸಿ. ಬಾಡಿಗೆ ಜಾಗ, ಗೋಡೆ ಕೊರೆಯಲು ಮಾಲೀಕ ಬಿಡುವುದಿಲ್ಲ ಎನ್ನುವವರಿಗೂ ಇದೇ ದಾರಿ.

ಪ್ಲಾಸ್ಟಿಕ್ ಗಿಟ್ಟಿ ಮಾತ್ರ ಎಲ್ಲೂ ಬೇಡ. ಅದು ಗಡಿಯಾರ, ಫೋಟೋ ತೂಗುಹಾಕಲು ಇರುವುದು, ಮನುಷ್ಯನನ್ನು ಹೊರಲು ಅಲ್ಲ.

ತಲೆ, ಕಾಲು, ಕೈ

ಒರಗಿಸುವ ಏಣಿ ಜಾರುವುದು ಕಾಲಿನಿಂದ. ನೇರ ನಿಲ್ಲಿಸಿದ ಏಣಿ ಕಿತ್ತುಬರುವುದು ತಲೆಯಿಂದ. ಎರಡಕ್ಕೂ ಬೇರೆ ಬೇರೆ ಮದ್ದು.

ಒರಗಿಸುವ ಏಣಿಗೆ ನಾಲ್ಕು ಅಡಿ ಎತ್ತರಕ್ಕೆ ಒಂದು ಅಡಿ ಹೊರಗೆ ಕಾಲು ಎಂಬ ಲೆಕ್ಕ ಹಿಡಿಯಿರಿ. ಕಾಲಿಗೆ ರಬ್ಬರ್ ಬೂಟು ಬೇಕು. ಆದರೆ ನಮ್ಮ ಅಡುಗೆಮನೆಯ ನೆಲದಲ್ಲಿ ಎಣ್ಣೆ, ನೀರು, ಇಡ್ಲಿ ಹಿಟ್ಟು ಇಲ್ಲದ ದಿನವಿಲ್ಲ. ಎಣ್ಣೆ ನೆಲದ ಮೇಲೆ ರಬ್ಬರೂ ಜಾರುತ್ತದೆ. ನೆಲಕ್ಕೆ ಬೋಲ್ಟ್ ಮಾಡಿದ ತಡೆ ಪಟ್ಟಿ ಇರಲಿ. ಮೇಲೆ ಅಟ್ಟದ ಅಂಚಿಗೆ ಪೈಪು ಹಾಕಿಸಿ, ಏಣಿಯ ಕೊಕ್ಕೆ ಅದಕ್ಕೆ ಕೂತು ತಾನಾಗಿ ಕಳಚದಂತೆ ಪಿನ್ ಹಾಕುವ ವ್ಯವಸ್ಥೆ ಇರಲಿ.

ನೇರ ಏಣಿಗೆ ಮೇಲೆ, ನಡುವೆ, ಕೆಳಗೆ ಎಂದು ಮೂರು ಕಡೆ ಎರಡೆರಡು ಬ್ರಾಕೆಟ್ ಹಾಕಿಸಿ. ಗೋಡೆಗೂ ಮೆಟ್ಟಿಲಿಗೂ ನಡುವೆ ಆರೇಳು ಅಂಗುಲ ಜಾಗ ಬೇಕು, ಇಲ್ಲದಿದ್ದರೆ ಪಾದದ ತುದಿ ಮಾತ್ರ ಕೂರುತ್ತದೆ. ಮೆಟ್ಟಿಲುಗಳ ಅಂತರ ಒಂದೇ ಸಮ ಒಂದು ಅಡಿ. ಕೊನೆಯ ಮೆಟ್ಟಿಲು ಮಾತ್ರ ಹೆಚ್ಚು ಕಡಿಮೆಯಾದರೆ ಎಡವುವುದು ಅಲ್ಲೇ.

ಬಹಳ ಜನ ಬೀಳುವುದು ಏಣಿಯ ನಡುವೆ ಅಲ್ಲ, ಏಣಿಯಿಂದ ಅಟ್ಟಕ್ಕೆ ಕಾಲಿಡುವ ಕ್ಷಣದಲ್ಲಿ. ಹಿಡಿಯಲು ಏನೂ ಇರುವುದಿಲ್ಲ. ಏಣಿಯ ಎರಡು ಕಂಬಗಳು ಅಟ್ಟದ ನೆಲಕ್ಕಿಂತ ಮೂರು ಅಡಿ ಮೇಲೆ ಬರಲಿ. ಆಗದಿದ್ದರೆ ಎರಡೂ ಬದಿ ಗಟ್ಟಿ ಹಿಡಿಕೆ ಇರಲಿ. ಅಟ್ಟದ ಬಾಯಿಗೆ ಕಟಕಟೆ, ತಾನಾಗಿ ಮುಚ್ಚಿಕೊಳ್ಳುವ ಸಣ್ಣ ಗೇಟು, ಡಬ್ಬ ಉರುಳದಂತೆ ನಾಲ್ಕು ಅಂಗುಲದ ಅಂಚು ಪಟ್ಟಿ ಇರಲೇಬೇಕು. ಮುಚ್ಚಳ ಬಾಗಿಲಿದ್ದರೆ ಚಿಲಕ ಮೇಲಿನಿಂದಲೂ ಕೆಳಗಿನಿಂದಲೂ ತೆಗೆಯುವಂತಿರಲಿ. ಹೊರಗಿನಿಂದ ಬೀಗ ಹಾಕುವ ಕೊಂಡಿ ಬೇಡವೇ ಬೇಡ.

ನಟ್ಟು ಬೋಲ್ಟಿಗೆ ಸ್ಟೇನ್‌ಲೆಸ್ ಸ್ಟೀಲ್ ಕೊಳ್ಳಿ. ಸಾಂಬಾರಿನ ಹಬೆ, ನೆಲ ತೊಳೆದ ನೀರು ಸಾಧಾರಣ ಕಬ್ಬಿಣವನ್ನು ಬೇಗ ತಿನ್ನುತ್ತವೆ. ಸಡಿಲಾಗದಂತೆ ನೈಲಾಕ್ ನಟ್ ಹಾಕಿಸಿ. ಅಲ್ಯೂಮಿನಿಯಂ ಏಣಿ ಹಗುರ ನಿಜ, ಆದರೆ ವೈರಿಂಗ್ ಸಡಿಲವಿದ್ದಲ್ಲಿ ಕರೆಂಟು ಹರಿಯುತ್ತದೆ. ಆನ್‌ಲೈನಿನಲ್ಲಿ ಸಿಗುವ ಮಡಚುವ ಏಣಿ ಮನೆಯಲ್ಲಿ ಬಲ್ಬು ಬದಲಿಸಲು ಸರಿ, ದಿನಕ್ಕೆ ಮೂವತ್ತು ಸಲ ಹತ್ತಿಳಿಯುವ ನಮ್ಮ ಕೆಲಸಕ್ಕಲ್ಲ. ಕೊಳ್ಳುವುದೇ ಆದರೆ ಎಷ್ಟು ಕೆಜಿ ತಡೆಯುತ್ತದೆ ಎಂಬ ಚೀಟಿ ನೋಡಿ. ಯುರೋಪಿನ ಇಎನ್ 131 ಮಾನಕದಲ್ಲಿ ಅದು 150 ಕೆಜಿ. ನಮ್ಮ ದೇಶದಲ್ಲಿ ಏಣಿಗಳ ಸುರಕ್ಷತೆಗೆ ಐಎಸ್ 3696ರ ಎರಡನೇ ಭಾಗವಿದೆ, ನಿಮ್ಮ ಫ್ಯಾಬ್ರಿಕೇಟರ್‌ಗೆ ಅದನ್ನು ಓದಲು ಹೇಳಿ.

ಇನ್ನೊಂದು ಮಾತು. ಭಾರ ಹೊತ್ತು ಏಣಿ ಹತ್ತಿಸಬೇಡಿ. 65 ಕೆಜಿಯ ಹುಡುಗ, 25 ಕೆಜಿ ಅಕ್ಕಿ ಚೀಲ, ಹಿಡಿಯಲು ಉಳಿದದ್ದು ಒಂದೇ ಕೈ. ಅಟ್ಟದ ಚಾನೆಲ್‌ಗೆ ಒಂದು ರಾಟೆ, ಹಗ್ಗ, ಕೊಕ್ಕೆ ಹಾಕಿಸಿದರೆ ಚೀಲ ಬೇರೆ ಹೋಗುತ್ತದೆ, ಹುಡುಗ ಎರಡೂ ಕೈಯಿಂದ ಹಿಡಿದು ಹತ್ತುತ್ತಾನೆ.

ಅಟ್ಟದ ಮೇಲೆ ಯಾರಿದ್ದಾರೆ?

ಈಗ ಕಹಿ ಮಾತು. ರಾಷ್ಟ್ರೀಯ ಕಟ್ಟಡ ಸಂಹಿತೆಯ ಪ್ರಕಾರ ಅಟ್ಟವೆಂದರೆ ಹೆಚ್ಚೆಂದರೆ ಒಂದೂವರೆ ಮೀಟರ್ ಎತ್ತರದ, ಸಾಮಾನು ಇಡುವ ಜಾಗ. ಮನುಷ್ಯರು ಮಲಗುವ ಜಾಗವಲ್ಲ. ಆದರೆ ನಮ್ಮ ಎಷ್ಟು ಹೋಟೆಲುಗಳಲ್ಲಿ ರಾತ್ರಿ ಶಟರ್ ಎಳೆದ ಮೇಲೆ ಹುಡುಗರು ಅಲ್ಲೇ ಮಲಗುತ್ತಾರೆ ಎಂಬುದು ನಿಮಗೂ ಗೊತ್ತು, ನನಗೂ ಗೊತ್ತು.

2015ರ ಅಕ್ಟೋಬರ್ 16ರಂದು ಮುಂಬಯಿಯ ಕುರ್ಲಾದ ಒಂದು ಹೋಟೆಲಿಗೆ ಬೆಂಕಿ ಬಿದ್ದಾಗ ಮೇಲಿನ ಅರೆಮಹಡಿಯಲ್ಲಿ ಊಟಕ್ಕೆ ಕೂತಿದ್ದ 8 ಮಂದಿ ಕೆಳಗಿಳಿಯಲಾಗದೆ ಸತ್ತರು. 2017ರ ಡಿಸೆಂಬರ್ 18ರ ನಸುಕಿನಲ್ಲಿ ಸಾಕಿನಾಕಾದ ಖೈರಾನಿ ರೋಡಿನ ಫರ್ಸಾಣ್ ಅಂಗಡಿಯಲ್ಲಿ 12 ಕೆಲಸಗಾರರು ಸತ್ತರು. ಅಟ್ಟವೇ ಕುಸಿದು ದಾರಿ ಮುಚ್ಚಿತ್ತು. ದೂರದ ಮಾತೇಕೆ, 2023ರ ಡಿಸೆಂಬರ್ 31ರ ನಸುಕಿನಲ್ಲಿ ಸಂಭಾಜಿನಗರದ ವಾಳೂಜ್‌ನ ಕೈಗವಸು ಕಾರ್ಖಾನೆಯೊಳಗೆ ಮಲಗಿದ್ದ ಕೆಲಸಗಾರರಲ್ಲಿ 6 ಮಂದಿ ಸತ್ತರು. 2024ರ ಏಪ್ರಿಲ್ 3ರಂದು ಅದೇ ಊರಿನ ಛಾವಣಿಯಲ್ಲಿ ಕೆಳಗಿನ ಬಟ್ಟೆ ಹೊಲಿಗೆ ಅಂಗಡಿಗೆ ಬೆಂಕಿ ಹತ್ತಿ, ಮೇಲೆ ಮಲಗಿದ್ದ ಒಂದೇ ಮನೆಯ 7 ಮಂದಿ ಹೊಗೆಗೆ ಉಸಿರುಕಟ್ಟಿ ಹೋದರು.

ಹೊಗೆ ಮೊದಲು ಮೇಲಕ್ಕೇ ಹೋಗುತ್ತದೆ. ನಿದ್ದೆಗಣ್ಣಿನಲ್ಲಿ, ಕತ್ತಲಲ್ಲಿ, ಐದಾರು ಮಂದಿ ಒಂದೇ ಏಣಿಗೆ ಮುಗಿಬೀಳುತ್ತಾರೆ. ಆ ಏಣಿಯೂ ಭಟ್ಟಿಯ ಪಕ್ಕದಲ್ಲೇ ಇದ್ದರೆ? ಹುಡುಗರಿಗೆ ಬೇರೆ ಖೋಲಿ ಮಾಡಿಕೊಡುವುದೇ ಸರಿಯಾದ ಉತ್ತರ. ಏಣಿ ಎಷ್ಟೇ ಗಟ್ಟಿಯಾದರೂ ಅದು ಅದಕ್ಕೆ ಬದಲಾಗುವುದಿಲ್ಲ, ಮತ್ತು ಈ ಲೇಖನವನ್ನು ಅಟ್ಟದಲ್ಲಿ ಮಲಗಿಸಲು ಪರವಾನಗಿ ಎಂದು ಯಾರೂ ತಿಳಿಯಬಾರದು. ಖೋಲಿ ಸಿಗುವವರೆಗೆ ರಾತ್ರಿ ಹುಡುಗರು ಕೆಳಗೆ, ಬಾಗಿಲ ಹತ್ತಿರ ಮಲಗಲಿ. ಸಿಲಿಂಡರ್ ವಾಲ್ವ್ ಮುಚ್ಚಿರಲಿ, ಒಳಗಿನಿಂದ ತೆಗೆಯಬಹುದಾದ ಒಂದು ಬಾಗಿಲಿರಲಿ.

“ಎಂತ ಮಾರಾಯ್ರೆ, ನಲವತ್ತು ವರ್ಷದಿಂದ ಇದೇ ಏಣಿ, ಏನೂ ಆಗಲಿಲ್ಲ” ಎಂದು ಹಿರಿಯರೊಬ್ಬರು ನನಗೆ ಹೇಳಿದರು. ನನ್ನ ಏಣಿಗೂ ಹನ್ನೊಂದು ವರ್ಷ ಏನೂ ಆಗಿರಲಿಲ್ಲ. ನಲವತ್ತು ವರ್ಷ ಆಗಿದೆ ಎಂದರೆ ಬೋಲ್ಟಿಗೂ ನಲವತ್ತು ವರ್ಷ ತುಕ್ಕು ಹಿಡಿದಿದೆ ಎಂದೇ ಅರ್ಥ. ಕೆಲಸದ ಮೇಲಿದ್ದವನಿಗೆ ಪೆಟ್ಟಾದರೆ ಮಾಲೀಕ ಪರಿಹಾರ ಕೊಡಬೇಕೆಂಬ ಕಾನೂನು ಈ ದೇಶಕ್ಕೆ 1923ರಲ್ಲೇ ಬಂದಿದೆ. ಆ ಲೆಕ್ಕವನ್ನೂ ಒಮ್ಮೆ ಹಾಕಿ ನೋಡಿ.

ಈ ಮಾತು ಈಗಲೇ ಏಕೆ ಎಂದರೆ, 2027ರ ಸಿಂಹಸ್ಥ ಕುಂಭ ಎದುರಿಗಿದೆ. ರಾಮಕುಂಡ, ತ್ರ್ಯಂಬಕೇಶ್ವರಕ್ಕೆ ಬಂದ ಭಕ್ತರು ಶಿರಡಿಗೂ ಹೋಗುತ್ತಾರೆ, ಸಂಭಾಜಿನಗರದ ಬಳಿಯ ವೇರೂಳಿನ ಘೃಷ್ಣೇಶ್ವರಕ್ಕೂ ಹೋಗುತ್ತಾರೆ. ಎರಡೂ ಊರಿನಲ್ಲಿ ನಮ್ಮ ಅಟ್ಟಗಳಿಗೆ ಹೆಚ್ಚು ಸಾಮಾನು ಏರುತ್ತದೆ, ಏಣಿ ಹತ್ತಲು ಹೊಸ ಹುಡುಗರು ಬರುತ್ತಾರೆ. ಅವರಿಗೆ ಕನ್ನಡ ಬಾರದು, ಮರಾಠಿ ಬಾರದು. ಗೋಡೆಗೆ ಬೋರ್ಡು ಬರೆಸಿದರೆ ಸಾಲದು, ಮೊದಲ ದಿನ ನಾವೇ ಹತ್ತಿ ತೋರಿಸಬೇಕು.

ನನ್ನ ಸಲಹೆ ಸರಳ. ಪ್ರತಿ ತಿಂಗಳ ಮೊದಲ ದಿನ ಏಣಿಯ ತಲೆ ಹಿಡಿದು ಜಗ್ಗಿ ನೋಡಿ. ಅಲುಗಿದರೆ ಅಂದು ಅಟ್ಟ ಬಂದ್. ಸಂಘದವರು ಒಬ್ಬ ತಿಳಿದ ಎಂಜಿನಿಯರ್, ಒಬ್ಬ ಒಳ್ಳೆಯ ಫ್ಯಾಬ್ರಿಕೇಟರ್ ಗೊತ್ತುಮಾಡಿ ಎರಡೂ ಊರಿನ ಸದಸ್ಯರ ಹೋಟೆಲುಗಳನ್ನು ಸರದಿಯಂತೆ ನೋಡಿಸಲಿ. ಖರ್ಚನ್ನು ಸದಸ್ಯರೇ ಹಂಚಿಕೊಳ್ಳೋಣ. ಮೊದಲ ಹೆಸರು ನನ್ನದೇ ಬರೆದುಕೊಳ್ಳಿ.

ಏರಿದ ಏಣಿಯನ್ನು ಒದೆಯಬಾರದು ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ನಮ್ಮಲ್ಲಿ ಎಷ್ಟೋ ಮಂದಿ ಮಾಣಿಯಾಗಿ ಬಂದು, ಅಂಥದ್ದೇ ಅಟ್ಟದಲ್ಲಿ ಮಲಗಿ, ಅಂಥದ್ದೇ ಏಣಿ ಇಳಿದು ಗಲ್ಲಾದ ಮೇಲೆ ಕೂತವರು. ಇಂದು ಆ ಏಣಿಯ ಮೇಲೆ ಬೇರೆ ಯಾರದೋ ಮನೆಯ ಮಗ ಇದ್ದಾನೆ. ಈ ಸಂಚಿಕೆ ಓದಿ ಮುಗಿಸಿದ ಕೂಡಲೇ ಎದ್ದು ಹೋಗಿ ನಿಮ್ಮ ಏಣಿಯನ್ನು ಒಮ್ಮೆ ಜಗ್ಗಿ ನೋಡಿ. ಮುಂದಿನ ಸಭೆಯಲ್ಲಿ ಮಾತಾಡೋಣ.