ಕಾರ್ಪೊರೇಟ್ ಮಿತ್ರನೂ ಆ 250 ರೂಪಾಯಿಯೂ

ಎರಡನೇ, ಮೂರನೇ ಹಂತದ ಪಟ್ಟಣಗಳ ಸಣ್ಣ ಉದ್ದಿಮೆಗಳ ಲೆಕ್ಕಪತ್ರ, ರಿಟರ್ನ್ ಕೆಲಸಗಳನ್ನು ಅಗ್ಗದಲ್ಲಿ ಮಾಡಿಕೊಡಲು ‘ಕಾರ್ಪೊರೇಟ್ ಮಿತ್ರ’ರ ಪಡೆ ಕಟ್ಟುವುದಾಗಿ 2026–27ರ ಕೇಂದ್ರ ಬಜೆಟ್ ಹೇಳಿದೆ. ಐಸಿಎಐ, ಐಸಿಎಸ್‌ಐ, ಐಸಿಎಂಎಐಗಳು (ಸಿಎ, ಸಿಎಸ್, ಸಿಎಂಎಗಳ ಸಂಸ್ಥೆಗಳು) ಇದಕ್ಕೆ ಅಲ್ಪಾವಧಿ ಕೋರ್ಸ್ ರೂಪಿಸಬೇಕಂತೆ. ಕೋರ್ಸ್ ಬರುತ್ತದೆ, ಸರ್ಟಿಫಿಕೇಟೂ ಸಿಗುತ್ತದೆ. ಹೊಟ್ಟೆಪಾಡು ಮಾತ್ರ ನಡೆಯುವುದಿಲ್ಲ. ಇಷ್ಟು ಖಡಾಖಂಡಿತವಾಗಿ ಹೇಳಲು ಆಧಾರ 2006ರಲ್ಲೇ ಇದೆ. ದಿಲ್ಲಿಯಲ್ಲಿ ಯಾರೂ ಅದನ್ನು ನೆನಪಿಸಿಕೊಂಡ ಹಾಗಿಲ್ಲ.

ಆ ವರ್ಷ ಬಂದದ್ದು ‘ಟ್ಯಾಕ್ಸ್ ರಿಟರ್ನ್ ಪ್ರಿಪೇರರ್’ ಯೋಜನೆ. ಪದವೀಧರರಿಗೆ ತರಬೇತಿ, ಪರೀಕ್ಷೆ, ಪ್ರಮಾಣಪತ್ರ, ಗುರುತಿನ ಸಂಖ್ಯೆ ಎಲ್ಲವೂ ಇತ್ತು. ಸಂಭಾವನೆಯ ಲೆಕ್ಕ ನೋಡಿ. ಗಿರಾಕಿ ಕಟ್ಟಿದ ತೆರಿಗೆಯಲ್ಲಿ ಮೊದಲ ವರ್ಷ ಶೇ 3, ಎರಡನೇ ವರ್ಷ ಶೇ 2, ಮೂರನೇ ವರ್ಷ ಶೇ 1ರಷ್ಟನ್ನು ಸರ್ಕಾರ ಕೊಡುತ್ತಿತ್ತು. ಅದೂ ₹1,000 ಮೀರುವಂತಿರಲಿಲ್ಲ. ಗಿರಾಕಿಯ ಕೈಯಿಂದ ಪಡೆಯಬಹುದಾದದ್ದು ಹೆಚ್ಚೆಂದರೆ ₹250. ಆಡಿಟ್ ಕಡ್ಡಾಯವಿರುವ ವ್ಯಾಪಾರಿಯ ರಿಟರ್ನ್ ಮುಟ್ಟುವಂತಿರಲಿಲ್ಲ. ಅಂದರೆ ನಾಲ್ಕು ಕಾಸು ಕೊಡಬಲ್ಲ ಗಿರಾಕಿ ಇವರಿಗಿರಲಿಲ್ಲ. ಗಿರಾಕಿ ಕಾಯಂ ಆದಷ್ಟೂ ಕಮಿಷನ್ ಇಳಿಯುವ ಕಸುಬು ಬೇರೆಲ್ಲಾದರೂ ಇದೆಯೇ?

ಚಿಂತಾಮಣಿಯಲ್ಲೋ ರಾಣೆಬೆನ್ನೂರಿನಲ್ಲೋ ಒಬ್ಬ ಹುಡುಗ ವರ್ಷಕ್ಕೆ 200 ರಿಟರ್ನ್ ಹಾಕಿದ ಎಂದಿಟ್ಟುಕೊಳ್ಳೋಣ. 250ರಂತೆ ₹50,000, ತಿಂಗಳಿಗೆ ₹4,200 ಕೂಡ ಬೀಳುವುದಿಲ್ಲ. ಅಂಗಡಿ ಬಾಡಿಗೆ, ಇಂಟರ್‌ನೆಟ್, ಪ್ರಿಂಟರ್ ಇಂಕು ಎಲ್ಲ ಅದರಲ್ಲೇ ಆಗಬೇಕು. ಕೆಲಸವೆಲ್ಲ ಜುಲೈ ಗಡುವಿನ ಮುಂಚಿನ ಕೆಲವು ವಾರಗಳಲ್ಲಿ. ಉಳಿದ ತಿಂಗಳು ಖಾಲಿ. ಇದರ ಮೇಲೆ ಇಲಾಖೆಯ ಪೋರ್ಟಲ್ಲೇ ಸಂಬಳ, ಬಡ್ಡಿ, ಟಿಡಿಎಸ್ ವಿವರ ತುಂಬಿದ ಫಾರ್ಮನ್ನು ಪುಕ್ಕಟೆ ಕೊಡತೊಡಗಿತು. ಯಾವ ಕೆಲಸಕ್ಕೆ ತರಬೇತಿ ಕೊಟ್ಟಿತೋ ಅದನ್ನೇ ಸರ್ಕಾರ ಸಾಫ್ಟ್‌ವೇರ್‌ಗೆ ಒಪ್ಪಿಸಿತು. ತರಬೇತಿ ಸಾಲಲಿಲ್ಲ ಎನ್ನುವವರು ಈ ಲೆಕ್ಕವನ್ನೊಮ್ಮೆ ಹಾಕಿ ನೋಡಲಿ. ಈಗಿನ ಘೋಷಣೆಯಲ್ಲೂ ‘ಕೈಗೆಟಕುವ ವೆಚ್ಚ’ ಎಂಬ ಮಾತಿದೆ. ಯಾರ ಕೈಗೆ? ಉದ್ದಿಮೆಗೆ ಉಳಿಯುವ ಹಣ ಮಿತ್ರನ ಜೇಬಿನಿಂದಲೇ ಹೋಗಬೇಕಷ್ಟೆ.

ತರಬೇತಾದವರಿಗೇನೂ ಬರವಿಲ್ಲ. ಸಿಎ ಕೋರ್ಸಿನ ನಡುವಿನ ಹಂತಕ್ಕೆ ಐಪಿಸಿಸಿ ಎನ್ನುತ್ತಿದ್ದ ಕಾಲದಲ್ಲಿ ಐಸಿಎಐ ‘ಅಕೌಂಟಿಂಗ್ ಟೆಕ್ನಿಷಿಯನ್’ ಪ್ರಮಾಣಪತ್ರ ಕೊಡುತ್ತಿತ್ತು. 2023ರ ಹೊಸ ಸ್ಕೀಮಿನಲ್ಲಿ, ಇಂಟರ್‌ಮೀಡಿಯೇಟ್ ಮುಗಿಸಿ ಆರ್ಟಿಕಲ್‌ಶಿಪ್ ಮಾಡಿಯೂ ಫೈನಲ್ ದಾಟದವರಿಗೆ ‘ಬಿಸಿನೆಸ್ ಅಕೌಂಟಿಂಗ್ ಅಸೋಸಿಯೇಟ್’ ಬಂತು. ಐಸಿಎಂಎಐಯದ್ದು ಬೇರೆಯೇ ಸಿಎಟಿ. 2024ರ ನವೆಂಬರ್‌ನ ಸಿಎ ಫೈನಲ್‌ನಲ್ಲಿ ಎರಡೂ ಗ್ರೂಪ್ ಬರೆದವರು 30,763 ಮಂದಿ, ಪಾಸಾದವರು 4,134. ಉಳಿದವರಿಗೆ ಲೆಕ್ಕ ಬರುವುದಿಲ್ಲವೇ?

ಅವರಂಥವರೇ ಈಗಾಗಲೇ ಈ ಕೆಲಸ ಮಾಡುತ್ತಿದ್ದಾರೆ. ಹುಬ್ಬಳ್ಳಿಯ ಯಾವುದೇ ಟ್ಯಾಕ್ಸ್ ಕನ್ಸಲ್ಟೆಂಟ್ ಕಚೇರಿಗೆ ತಿಂಗಳ 19ನೇ ತಾರೀಕು, ಜಿಎಸ್‌ಟಿ ರಿಟರ್ನ್ ಗಡುವಿನ ಮುನ್ನಾದಿನ, ಸಂಜೆ ಹೋಗಿ ನೋಡಿ. ಬಿ.ಕಾಂ. ಮುಗಿಸಿದ ಹುಡುಗ ಹುಡುಗಿಯರು ಟ್ಯಾಲಿಯನ್ನೂ ಜಿಎಸ್‌ಟಿಯ 2ಬಿ ಪಟ್ಟಿಯನ್ನೂ ಪಕ್ಕಪಕ್ಕ ತೆರೆದಿಟ್ಟು ಬಿಲ್ ತಾಳೆ ನೋಡುತ್ತಿರುತ್ತಾರೆ. ಡ್ರಾಯರ್‌ನಲ್ಲಿ ಗಿರಾಕಿಗಳ ಹೆಸರಿನ ಚೀಟಿ ಅಂಟಿಸಿದ, ಡಿಜಿಟಲ್ ಸಹಿಯ ಡಿಎಸ್‌ಸಿ ಪೆನ್‌ಡ್ರೈವ್‌ಗಳು. ‘ಸಾವಕಾರ್ರ, ಓಟಿಪಿ ಬಂತೇನ್ರಿ?’ ಎಂದು ಫೋನಿನಲ್ಲಿ ಕೇಳಿ, ಆರಂಕಿ ಒತ್ತಿ, 3ಬಿ ರಿಟರ್ನ್ ಸಲ್ಲಿಸುವವರು ಅವರೇ. ದಾಖಲೆಯಲ್ಲಿ ಅವರ ಹೆಸರು ಎಲ್ಲೂ ಇಲ್ಲ. ಸಹಿ ಒಬ್ಬರದು, ಶುಲ್ಕವೂ ಅವರದೇ, ಇವರಿಗೆ ಸಂಬಳ. ಮಾಡ್ಯೂಲ್ ಎಷ್ಟು ಓದಿಸಿದರೂ ಈ ಏರ್ಪಾಡು ಬದಲಾಗದು.

2025ರ ಜುಲೈನಲ್ಲಿ ಯುಪಿಐ ಜಮೆ ನೋಡಿ ವಾಣಿಜ್ಯ ತೆರಿಗೆ ಇಲಾಖೆ ನೋಟಿಸ್ ಕಳಿಸಿದಾಗ ಹಾವೇರಿಯ ತರಕಾರಿ ವ್ಯಾಪಾರಿಯೊಬ್ಬರಿಗೆ ಬಂದ ಜಿಎಸ್‌ಟಿ ಬೇಡಿಕೆ ₹29 ಲಕ್ಷ. ತಾಜಾ ತರಕಾರಿಗೆ ಜಿಎಸ್‌ಟಿಯೇ ಇಲ್ಲ! ಅಂಥವರಿಗೆ ಫಾರ್ಮ್ ತುಂಬುವವನಿಂದ ಏನೂ ಆಗದು. ಜಮೆಯಾದದ್ದರಲ್ಲಿ ವಿನಾಯಿತಿ ಮಾಲಿನದೆಷ್ಟು, ಕೈಸಾಲದ್ದೆಷ್ಟು ಎಂದು ಬಿಡಿಸಿ ಬರೆದಿಟ್ಟು, ನಾಳೆ ಅಧಿಕಾರಿಯೆದುರು ನಿಂತು ಮಾತಾಡುವವನು ಬೇಕು. ಜಿಎಸ್‌ಟಿ ಕಾಯ್ದೆಯ 116ನೇ ಕಲಂ ಆ ಹಕ್ಕನ್ನು ವಕೀಲರಿಗೆ, ಸಿಎ, ಸಿಎಂಎ, ಸಿಎಸ್‌ಗಳಿಗೆ, ಜಿಎಸ್‌ಟಿ ಪ್ರಾಕ್ಟೀಷನರ್‌ಗಳಿಗೆ ಕೊಟ್ಟಿದೆ. ಮಿತ್ರನಿಗೆ ಅಲ್ಲಿ ಜಾಗವಿಲ್ಲ. ಜಾಗ ಕೊಡಿ ಎಂದು ಕೋರ್ಸ್ ರೂಪಿಸುವ ಮೂರು ಸಂಸ್ಥೆಗಳು ಕೇಳುತ್ತವೆಯೇ? ತಮ್ಮ ಸದಸ್ಯರ ಆದಾಯಕ್ಕೆ ತಾವೇ ಕತ್ತರಿ ಹಾಕಿಕೊಳ್ಳುವಷ್ಟು ಉದಾರಿಗಳು ಅವರಲ್ಲ. ಅದನ್ನು ಅವರಿಂದ ನಿರೀಕ್ಷಿಸುವುದೂ ನ್ಯಾಯವಲ್ಲ.

ಬ್ರಿಟನ್ನಿನಲ್ಲಿ ಅಕೌಂಟಿಂಗ್ ಟೆಕ್ನಿಷಿಯನ್‌ಗಳಿಗೆ 1980ರಿಂದ ತಮ್ಮದೇ ಸಂಸ್ಥೆಯಿದೆ. ಅದರ ಲೈಸೆನ್ಸ್ ಪಡೆದವರು ಸ್ವಂತ ಬೋರ್ಡು ಹಾಕಿಕೊಂಡು ಸಣ್ಣ ವ್ಯಾಪಾರಿಗಳ ಲೆಕ್ಕ, ತೆರಿಗೆ ರಿಟರ್ನ್ ನೋಡುತ್ತಾರೆ, ತಮ್ಮ ಶುಲ್ಕ ತಾವೇ ಹೇಳುತ್ತಾರೆ. ಶಾಸನಬದ್ಧ ಆಡಿಟ್ ಮಾತ್ರ ಅವರಿಗಿಲ್ಲ. ಇಲ್ಲಿಯೂ ಆಡಿಟ್ ಸಿಎಗಳಿಗೇ ಇರಲಿ, ತಕರಾರಿಲ್ಲ. ಅದರ ಕೆಳಗಿನ ಕೆಲಸಕ್ಕೆ ಮಿತ್ರನ ಹೆಸರು, ಸಹಿ ನಡೆಯಬೇಕು. 116ನೇ ಕಲಮಿಗೆ ಒಂದು ಸಾಲು ಸೇರಿಸಲು ಸಂಸತ್ತಿಗೆ ಹಣಕಾಸು ಮಸೂದೆಯೊಂದು ಸಾಕು. ಮಿತ್ರರ ನಿಯಮಾವಳಿ ಪ್ರಕಟವಾದ ದಿನ ಪಠ್ಯಕ್ರಮದ ಪುಟಗಳನ್ನು ಬಿಟ್ಟು ನೇರವಾಗಿ ಶುಲ್ಕದ ಕಲಂ ಓದಿ. ಅಲ್ಲಿ ಮತ್ತೆ ಒಂದು ಮಿತಿ ಕಂಡರೆ ಮಕ್ಕಳನ್ನು ಆ ಕೋರ್ಸಿಗೆ ಸೇರಿಸಬೇಡಿ.