ಹೆಸರು ಓದುವವರಿಲ್ಲದ ಕಲ್ಲುಗಳು

ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಫ್ರಾನ್ಸ್ ದೇಶದ ಉತ್ತರ ಭಾಗದಲ್ಲಿ ಎಂಜಿನಿಯರನಾಗಿದ್ದಾನೆ. ಕಳೆದ ಸಂಕ್ರಾಂತಿಗೆ ಹೆಂಡತಿ ಮತ್ತು ಒಂಬತ್ತು ವರ್ಷದ ಮಗಳೊಡನೆ ಕುಂದುರ್ಪಿಗೆ ಬಂದಿದ್ದಾಗ, ನಮ್ಮ ಮನೆಯ ಜಗಲಿಯಲ್ಲಿ ಕುಳಿತು, ಅಲ್ಲಿನ ಹಳ್ಳಿಗಾಡಿನಲ್ಲಿ ತಾನು ಕಂಡ ಸ್ಥಳವೊಂದರ ಚಿತ್ರಗಳನ್ನು ನನಗೆ ತೋರಿಸಿದನು. ಹೊಲಗಳ ನಡುವೆ ಒಂದು ವರ್ತುಲಾಕಾರದ ಆವರಣ. ಸುಮಾರು ಹದಿನೈದು ಮೀಟರ್ ಎತ್ತರದ ಒಂದು ಕಂಬ. ಅದರ ಬುಡದಲ್ಲಿ ಎರಡು ಪಕ್ಕಕ್ಕೂ ಕಾವಲು ಕುಳಿತ ಕಲ್ಲಿನ ಹುಲಿಗಳು. ಗೋಡೆಯ ತುಂಬ ಕೊರೆದ ಹೆಸರುಗಳು. ಅದು ನವ್ ಶಾಪೆಲ್ ಎಂಬ ಹಳ್ಳಿಯಲ್ಲಿರುವ ಭಾರತೀಯ ಯೋಧರ ಸ್ಮಾರಕ.

೧೯೧೪ರಲ್ಲಿ ಮೊದಲನೆಯ ಮಹಾಯುದ್ಧವು ಆರಂಭವಾದಾಗ, ಬ್ರಿಟಿಷರ ಆಳ್ವಿಕೆಗೆ ಒಳಪಟ್ಟಿದ್ದ ನಮ್ಮ ದೇಶದಿಂದ ಲಾಹೋರ್ ಮತ್ತು ಮೀರತ್ ಡಿವಿಜನ್‌ಗಳನ್ನು ಹಡಗಿನಲ್ಲಿ ಫ್ರಾನ್ಸಿಗೆ ಸಾಗಿಸಲಾಯಿತು. ಆ ದೇಶದ ಭಾಷೆಯನ್ನರಿಯದ, ಆ ಚಳಿಯನ್ನು ಹಿಂದೆಂದೂ ಕಾಣದ ನಮ್ಮ ರೈತರ ಮಕ್ಕಳು ಕೆಸರು ತುಂಬಿದ ಕಂದಕಗಳಲ್ಲಿ ನಿಂತು ಕಾದಿದರು. ೧೯೧೫ರ ಮಾರ್ಚ್ ೧೦ರಿಂದ ೧೩ರವರೆಗೆ ನವ್ ಶಾಪೆಲ್‌ನಲ್ಲಿ ನಡೆದ ಒಂದೇ ಕದನದಲ್ಲಿ ಮಡಿದವರೂ ಗಾಯಗೊಂಡವರೂ ಸೇರಿ ಭಾರತೀಯರೇ ನಾಲ್ಕು ಸಾವಿರಕ್ಕೆ ಮಿಗಿಲಾಗಿದ್ದರು. ಗಢವಾಲದ ಗಬ್ಬರ್ ಸಿಂಗ್ ನೇಗಿ ಎಂಬ ಯೋಧನು ಅಲ್ಲಿಯೇ ಮಡಿದು, ಮರಣಾನಂತರ ವಿಕ್ಟೋರಿಯಾ ಕ್ರಾಸ್ ಪದಕಕ್ಕೆ ಪಾತ್ರನಾದನು. ೧೯೨೭ರ ಅಕ್ಟೋಬರ್ ೭ರಂದು ಅನಾವರಣಗೊಂಡ ಆ ಸ್ಮಾರಕದಲ್ಲಿ, ಗೋರಿಯಾಗಲೀ ಚಿತೆಯಾಗಲೀ ಎಲ್ಲಿಯೆಂದು ಗುರುತಿಲ್ಲದ ೪,೭೦೦ಕ್ಕೂ ಹೆಚ್ಚು ಭಾರತೀಯ ಸೈನಿಕರ ಮತ್ತು ಕೂಲಿಯಾಳುಗಳ ಹೆಸರುಗಳಿವೆ.

ಇದಕ್ಕಿಂತ ಹೆಚ್ಚಾಗಿ ನನ್ನ ಮನಸ್ಸನ್ನು ಹಿಡಿದದ್ದು ಅವನು ಹೇಳಿದ ಇನ್ನೊಂದು ಸಂಗತಿ. ಫ್ರಾನ್ಸಿನಲ್ಲಿ ಊರಿಗೊಂದು ಸ್ಮಾರಕಶಿಲೆಯಿಲ್ಲದ ಹಳ್ಳಿಯನ್ನು ಕಾಣುವುದೇ ಅಪರೂಪವಂತೆ. ಯುದ್ಧ ಮುಗಿದ ಕೆಲವೇ ವರ್ಷಗಳಲ್ಲಿ ಊರಿನವರು ಚಂದಾ ಕೂಡಿಸಿ, ಸರ್ಕಾರದ ನೆರವನ್ನೂ ಪಡೆದು, ತಮ್ಮೂರಿನಿಂದ ಹೋಗಿ ಮರಳಿ ಬಾರದವರ ಹೆಸರುಗಳನ್ನು ಕಲ್ಲಿನಲ್ಲಿ ಕೊರೆಯಿಸಿದರು. ಪ್ರತಿ ವರ್ಷ ನವೆಂಬರ್ ೧೧ರಂದು ಗ್ರಾಮಸ್ಥರೆಲ್ಲರೂ ಅದರ ಮುಂದೆ ಸೇರುತ್ತಾರೆ. ಎಷ್ಟೋ ಊರುಗಳಲ್ಲಿ ಶಾಲೆಯ ಮಕ್ಕಳೇ ಒಂದೊಂದು ಹೆಸರನ್ನೂ ಗಟ್ಟಿಯಾಗಿ ಓದುತ್ತಾರೆ. ಓದಿದ ಪ್ರತಿ ಹೆಸರಿಗೂ ‘ದೇಶಕ್ಕಾಗಿ ಮಡಿದನು’ ಎಂದು ಉತ್ತರ ಬರುತ್ತದೆ. ಮೂವತ್ತು ವರ್ಷ ಹಾಜರಿ ಕೂಗಿದ ನನಗೆ ಈ ಪದ್ಧತಿಯ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

“ಮೈಸೂರು ಲ್ಯಾನ್ಸರ್ಸ್ ಅಶ್ವದಳದವರು ೧೯೧೮ರಲ್ಲಿ ಹೈಫಾ ನಗರವನ್ನು ಗೆದ್ದುಕೊಟ್ಟ ನೆನಪಿಗೆ ದೆಹಲಿಯಲ್ಲಿಯೂ ಬೆಂಗಳೂರಿನಲ್ಲಿಯೂ ಸ್ಮಾರಕಗಳಿವೆ. ಆದರೆ ನಮ್ಮ ಈ ಬರದ ಸೀಮೆಯಲ್ಲಿ, ಹಳ್ಳಿಗಳಲ್ಲಿ, ಅಂಥದು ಏನೂ ಇಲ್ಲವಲ್ಲ ಮೇಷ್ಟ್ರೇ?” ಎಂದನು.

“ಇದೆಯಪ್ಪಾ. ನಾಳೆ ಬೆಳಿಗ್ಗೆ ಮಗುವನ್ನೂ ಕರೆದುಕೊಂಡು ಬಾ” ಎಂದೆ.

ಮರುದಿನ ಅವನ ಕಾರಿನಲ್ಲಿ ಹೇಮಾವತಿಗೆ ಹೊರಟೆವು. ಬೆನ್ನ ಹಿಂದೆ ಕುಂದುರ್ಪಿ ದುರ್ಗದ ಕಲ್ಲುಬೆಟ್ಟ. ಹದಿನೇಳನೆಯ ಶತಮಾನದಲ್ಲಿ ಬಿಜಾಪುರದವರಿಗೆ ಪೆನುಕೊಂಡೆಯನ್ನು ಬಿಟ್ಟುಕೊಟ್ಟ ಕೋನೇಟಿ ನಾಯಕನ ಮನೆತನವು ಈ ದುರ್ಗಕ್ಕೆ ಬಂದು ನೆಲೆಸಿತ್ತು. ಸ್ವಲ್ಪ ದೂರ ಸಾಗುವಷ್ಟರಲ್ಲಿ ಆಂಧ್ರ ಮುಗಿದು ಕರ್ನಾಟಕದ ಪಾವಗಡ ತಾಲ್ಲೂಕು. ನಿಡುಗಲ್ಲು ದುರ್ಗದ ಸೀಮೆ. ಅದನ್ನು ಹಾದರೆ ಮತ್ತೆ ಆಂಧ್ರ. ಒಂದು ಬೆಳಗಿನಲ್ಲಿ ಎರಡು ಸಲ ಗಡಿ ದಾಟಿದರೂ ಮಣ್ಣಿನ ಬಣ್ಣವಾಗಲೀ, ಹೊಲದಲ್ಲಿನ ಬೆಳೆಯಾಗಲೀ, ಜನರ ಮಾತಾಗಲೀ ಬದಲಾದದ್ದು ಕಾಣಲಿಲ್ಲ. ಬದಲಾದದ್ದು ಹಾದಿಯ ಫಲಕಗಳ ಲಿಪಿ ಮಾತ್ರ.

ದಾರಿಯ ಹಳ್ಳಿಯೊಂದರ ಕೆರೆಯ ಏರಿಯ ಕೆಳಗೆ, ಬೇವಿನ ಮರದ ಬುಡಕ್ಕೆ ಒರಗಿದ್ದ ಕಲ್ಲೊಂದನ್ನು ಕಂಡು ಕಾರನ್ನು ನಿಲ್ಲಿಸಿದೆವು. ಎದೆಯೆತ್ತರದ ಚಪ್ಪಡಿ, ಅದರಲ್ಲಿ ಮೂರು ಅಂತಸ್ತುಗಳು. ಕೆಳಗಿನದರಲ್ಲಿ ಕತ್ತಿ ಹಿರಿದು ನಿಂತ ವೀರ, ಅವನ ಹಿಂದೆ ದನಗಳ ಸಾಲು. ನಡುವಿನದರಲ್ಲಿ ಅವನನ್ನು ಎರಡು ಕಡೆಯಿಂದ ಹಿಡಿದು ಮೇಲಕ್ಕೊಯ್ಯುವ ಅಪ್ಸರೆಯರು. ಮೇಲಿನದರಲ್ಲಿ ಶಿವಲಿಂಗದ ಮುಂದೆ ಕೈಮುಗಿದು ಕುಳಿತ ಅದೇ ವೀರ. ಎಲ್ಲಕ್ಕೂ ಮೇಲೆ ಸೂರ್ಯಚಂದ್ರರು. ಸೂರ್ಯಚಂದ್ರರು ಇರುವವರೆಗೆ ಈ ಹೆಸರು ಇರಲಿ ಎಂಬುದು ಅದರ ಆಶಯ. ಇಂಥದೇ ವೀರಗಲ್ಲು. ತೆಲುಗಿನವರು ಇದನ್ನು ಕರೆಯುವುದೂ ವೀರಗಲ್ಲೆಂದೇ.

ಮಗುವಿಗೆ ಅರ್ಥವಾಗುವಂತೆ ಹೇಳಿದೆ. ಹಿಂದೆ ಶತ್ರುಗಳು ಊರಿನ ಮೇಲೆ ಬಿದ್ದು ದನಗಳನ್ನು ಹೊಡೆದುಕೊಂಡು ಹೋಗುತ್ತಿದ್ದರು; ಅದಕ್ಕೆ ತುರುಗೋಳ್ ಎಂದು ಹೆಸರು. ದನಗಳನ್ನು ಬಿಡಿಸಿ ತರಲು ಹೋಗಿ ಸತ್ತವನಿಗೆ, ಹೆಂಗಸರ ಮಾನ ಕಾಯಲು ಹೋಗಿ ಸತ್ತವನಿಗೆ, ಊರು ಉಳಿಸಲು ಸತ್ತವನಿಗೆ ಹೀಗೆ ಕಲ್ಲು ನಿಲ್ಲಿಸುತ್ತಿದ್ದರು. ಅವನ ಮನೆಯವರ ಜೀವನಕ್ಕೆ ಭೂಮಿಯನ್ನೂ ಬಿಟ್ಟುಕೊಡುತ್ತಿದ್ದರು. ರಕ್ತಕ್ಕೆ ಕೊಟ್ಟ ಕೊಡುಗೆಯಾದ್ದರಿಂದ ಅದನ್ನು ನೆತ್ತರುಗೊಡಗೆ ಎಂದರು. ಫ್ರಾನ್ಸಿನ ಹಳ್ಳಿಯವರು ನೂರು ವರ್ಷಗಳ ಹಿಂದೆ ಮಾಡಿದ್ದನ್ನು ನಮ್ಮ ಹಳ್ಳಿಯವರು ಸಾವಿರ ವರ್ಷಗಳ ಹಿಂದೆಯೇ ಮಾಡಿದ್ದರು.

ಮಗುವು ಪಟ್ಟಿಯ ಮೇಲಿನ ಅಕ್ಷರಗಳ ಮೇಲೆ ಬೆರಳಾಡಿಸಿ, “ತಾತ, ಇವರ ಹೆಸರೇನು?” ಎಂದು ಕೇಳಿತು.

ನಾನು ಬಾಗಿ ನೋಡಿದೆ. ‘ಸ್ವಸ್ತಿ ಶ್ರೀ’ ಎಂಬ ಮೊದಲ ಅಕ್ಷರಗಳನ್ನು ಬಿಟ್ಟರೆ ಮುಂದೇನೂ ನನ್ನಿಂದ ಓದಲಾಗಲಿಲ್ಲ. ಅಕ್ಷರ ಕನ್ನಡದ್ದೇ, ಹಳೆಯ ಕಾಲದ್ದು. ಮುಖ್ಯೋಪಾಧ್ಯಾಯನೆನಿಸಿಕೊಂಡ ನಾನು ಆ ಮಗುವಿನ ಮುಂದೆ ಅನಕ್ಷರಸ್ಥನಂತೆ ನಿಂತೆ. ಪರದೇಶದ ಗೋಡೆಯ ಮೇಲೆ ನಮ್ಮವರ ಹೆಸರುಗಳನ್ನು ಓದಿ ಬಂದ ಮಗುವಿಗೆ, ನಮ್ಮ ನೆಲದಲ್ಲಿ ನಮ್ಮವನ ಹೆಸರನ್ನು ಓದಿ ಹೇಳುವವರು ಇರಲಿಲ್ಲ.

ಹೇಮಾವತಿಯನ್ನು ತಲುಪಿದಾಗ ಬಿಸಿಲೇರಿತ್ತು. ಇದು ಶಾಸನಗಳ ಹೆಂಜೇರು. ನೊಳಂಬವಾಡಿ ಮೂವತ್ತೆರಡು ಸಾಸಿರವನ್ನು ಆಳಿದ ನೊಳಂಬ ಪಲ್ಲವರ ರಾಜಧಾನಿ. ಸಿದ್ಧೇಶ್ವರನ ಗುಡಿಯಲ್ಲಿ ಶಿವನು ಲಿಂಗರೂಪದಲ್ಲಿರದೆ ಮಾನವಾಕಾರದಲ್ಲಿ ಕುಳಿತಿದ್ದಾನೆ. ದೊಡ್ಡೇಶ್ವರನ ಗುಡಿಯ ಜಾಲಂಧ್ರಗಳನ್ನೂ, ನುಣುಪಾದ ಕಂಬಗಳನ್ನೂ ನೋಡುತ್ತ ನಿಂತರೆ ಹೊತ್ತು ಹೋದದ್ದು ತಿಳಿಯುವುದಿಲ್ಲ. ಗಂಗರ ಮಾರಸಿಂಹನು ಹತ್ತನೆಯ ಶತಮಾನದಲ್ಲಿ ‘ನೊಳಂಬಕುಲಾಂತಕ’ನೆಂಬ ಬಿರುದನ್ನು ಧರಿಸಿದನು, ಮುಂದೆ ಚೋಳರ ದಂಡು ಬಂದಿತು. ಇಲ್ಲಿನ ಶೈಲಿಯ ಕಂಬಗಳು ಇಂದಿಗೂ ತಮಿಳುನಾಡಿನ ತಿರುವಯ್ಯಾರಿನ ದೇವಾಲಯದಲ್ಲಿ ನಿಂತಿವೆ. ಗೆದ್ದವರು ಕಂಬಗಳನ್ನು ಒಯ್ದರು. ಹಳ್ಳಿಯ ವೀರಗಲ್ಲುಗಳನ್ನು ಮಾತ್ರ ಯಾರೂ ಒಯ್ಯಲಿಲ್ಲ. ಅವುಗಳನ್ನು ಉಳಿಸಿಕೊಳ್ಳುವ ಹೊಣೆ ನಮ್ಮ ಪಾಲಿಗೆ ಉಳಿಯಿತು.

ಓದುವವರಿದ್ದರೆ ಒಂದು ಕಲ್ಲು ಎಷ್ಟು ಮಾತನಾಡಬಲ್ಲದೆಂಬುದಕ್ಕೆ ಬೇಗೂರಿನ ವೀರಗಲ್ಲೇ ಸಾಕ್ಷಿ. ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿರುವ ಆ ಕಲ್ಲು ಇದೇ ನೊಳಂಬರ ಕಾಲದ ಯುದ್ಧವೊಂದರ ಕಥೆಯನ್ನು ಹೇಳುತ್ತದೆ. ವೀರಮಹೇಂದ್ರನ ವಿರುದ್ಧ ಅಯ್ಯಪದೇವನಿಗೆ ನೆರವಾಗಲು ಗಂಗರ ಎರೆಯಪ್ಪನು ದಂಡನ್ನು ಕಳುಹಿಸಿದನು; ಅದರೊಡನೆ ಹೋದ ನಾಗತ್ತರನು ತುಂಬೆಪಾಡಿಯ ಕಾಳಗದಲ್ಲಿ ಮಡಿದನು; ಅನಂತರ ಇರುಗನೆಂಬವನಿಗೆ ನಾಗತ್ತರನ ಪಟ್ಟವನ್ನು ಕಟ್ಟಿ ಬೆಂಪೂರು ಹನ್ನೆರಡನ್ನು ಕೊಡಲಾಯಿತು. ಆ ದಿನ ಮಡಿದವನು ಯಾರು, ಯಾರಿಗಾಗಿ, ಎಲ್ಲಿ ಎಂಬುದನ್ನು ಸಾವಿರಕ್ಕೂ ಹೆಚ್ಚು ವರ್ಷಗಳ ಬಳಿಕವೂ ನಾವು ಬಲ್ಲೆವು. ಯಾರೋ ಕೊರೆದರು, ಯಾರೋ ಓದಿದರು ಎಂಬುದೇ ಇದಕ್ಕೆ ಕಾರಣ.

ಇನ್ನು ನನ್ನ ತಪ್ಪನ್ನು ಹೇಳಿಕೊಳ್ಳಬೇಕು. ಶಿಕ್ಷಕರ ತರಬೇತಿ ಮುಗಿಸಿ ಮೊದಲು ಕೆಲಸಕ್ಕೆ ಸೇರಿದ ಊರಿನಲ್ಲಿ, ಶಾಲೆಯ ನಲ್ಲಿಯ ಮುಂದೆ ಮಳೆಗಾಲದಲ್ಲಿ ಕೆಸರಾಗಿ ಮಕ್ಕಳು ಜಾರಿ ಬೀಳುತ್ತಿದ್ದರು. ಪಕ್ಕದ ಹಾಳು ಗುಡಿಯ ಬಳಿ ಬಿದ್ದಿದ್ದ ಚಪ್ಪಡಿಯೊಂದನ್ನು ನಾನೇ ಆಳುಗಳಿಂದ ತರಿಸಿ ಹಾಸಿಸಿದೆ. ಕೆತ್ತನೆಯ ಮೈಯನ್ನು ಮೇಲಕ್ಕಿಡೋಣವೇ, ಕೆಳಕ್ಕಿಡೋಣವೇ ಎಂದು ಅವರು ಕೇಳಿದರು. “ಮೇಲಕ್ಕೇ ಇರಲಿ, ಕಾಲು ಜಾರುವುದಿಲ್ಲ” ಎಂದೆ. ಅದು ವೀರಗಲ್ಲೆಂದು ನನಗೆ ಗೊತ್ತಿತ್ತು. ಅದರ ಬೆಲೆ ಮಾತ್ರ ಗೊತ್ತಿರಲಿಲ್ಲ.

ಹೇಮಾವತಿಯಿಂದ ಮರಳುವಾಗ ಈ ಮಾತನ್ನು ಶಿಷ್ಯನಿಗೆ ಹೇಳಿದೆ. ಅವನು ಸುಮ್ಮನೆ ಕಾರನ್ನು ಆ ಊರಿನ ಕಡೆಗೆ ತಿರುಗಿಸಿದನು. ಕಲ್ಲು ಅಲ್ಲಿಯೇ ಇತ್ತು. ಮೂವತ್ತು ವರ್ಷಗಳ ನೀರು, ಮಕ್ಕಳ ಕಾಲು, ತಟ್ಟೆ ಉಜ್ಜುವ ಬೂದಿ ಇವೆಲ್ಲವೂ ಸೇರಿ ವೀರನ ಮುಖವನ್ನು ಅಳಿಸಿದ್ದವು. ಅಕ್ಷರದ ಪಟ್ಟಿಯಿದ್ದ ಕಡೆ ಅಂಗೈಯಿಟ್ಟರೆ ನುಣ್ಣಗಿತ್ತು. ಆ ಹೆಸರನ್ನು ಇನ್ನು ಯಾವ ವಿದ್ವಾಂಸನೂ ಓದಲಾರನು. ಅವನ ಹಾಜರಿಯನ್ನು ನಾನೇ ಹೊಡೆದುಹಾಕಿದ್ದೆ. ಈಗಿನ ಉಪಾಧ್ಯಾಯರು, ಊರಿನ ಹಿರಿಯರು ಒಪ್ಪಿ, ಮರುವಾರ ಅದನ್ನು ಎತ್ತಿಸಿ ಶಾಲೆಯ ಅಂಗಳದಲ್ಲಿಯೇ ಗೋಡೆಗೊರಗಿಸಿ ನಿಲ್ಲಿಸಿದರು. ಉಳಿದಿರುವುದು ದನಗಳ ಸಾಲು ಮತ್ತು ಸೂರ್ಯಚಂದ್ರರು.

ಗಡಿಯಾಚೆಯ ಕನ್ನಡ ಕುಟುಂಬಗಳಿಗೆ ಈ ಮಾತು ಇನ್ನೂ ಹತ್ತಿರದ್ದು. ಮದರಾಸು ಪ್ರಾಂತದಲ್ಲಿ ದೊರೆತ ಕನ್ನಡ ಶಾಸನಗಳಿಗೆ ೧೯೩೯ರಲ್ಲಿಯೇ ಒಂದು ಪ್ರತ್ಯೇಕ ಸಂಪುಟವು ಅಚ್ಚಾಯಿತು. ಅನಂತಪುರ, ಬಳ್ಳಾರಿ ಸೀಮೆಯ ಶಾಸನಗಳು ಅದರಲ್ಲಿವೆ. ೧೯೫೩ರಲ್ಲಿ ಆಂಧ್ರ ರಾಜ್ಯವಾಯಿತು, ೧೯೫೬ರಲ್ಲಿ ಗಡಿಗಳು ಗಟ್ಟಿಯಾದವು, ೨೦೨೨ರಲ್ಲಿ ಹಿಂದೂಪುರ, ಮಡಕಶಿರಗಳು ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದವು. ನಮ್ಮ ಮಕ್ಕಳು ತೆಲುಗಿನಲ್ಲಿ ಓದಲಿ, ಇಂಗ್ಲಿಷಿನಲ್ಲಿ ಓದಲಿ. ಅನ್ನಕ್ಕೆ ಬೇಕಾದ ವಿದ್ಯೆಯನ್ನು ಬೇಡವೆನ್ನುವವನು ನಾನಲ್ಲ. ಆದರೆ ಮನೆಯಲ್ಲಿ ಕನ್ನಡವನ್ನಾಡುವ ಮಗುವಿಗೆ ಕನ್ನಡದ ಅಕ್ಷರವನ್ನೂ ಕಲಿಸದಿದ್ದರೆ, ಊರಬಾಗಿಲಿನ ಕಲ್ಲು ಅದರ ಪಾಲಿಗೆ ಬರಿಯ ಕಲ್ಲಾಗಿಯೇ ಉಳಿಯುತ್ತದೆ. ಇಂದಿನ ಅಕ್ಷರವನ್ನು ಬಲ್ಲವನು ಮಾತ್ರವೇ ಮುಂದೊಂದು ದಿನ ಹಳೆಯ ಅಕ್ಷರಕ್ಕೆ ಕೈಹಾಕಿಯಾನು.

ವಾಚಕರಲ್ಲಿ ಮೂರು ಬಿನ್ನಹಗಳು. ನಿಮ್ಮೂರಿನಲ್ಲಿ ಕೆತ್ತನೆಯ ಕಲ್ಲೊಂದು ಬಟ್ಟೆ ಒಗೆಯಲು, ಕುಡುಗೋಲು ಮಸೆಯಲು, ಕಾಲುವೆ ಮುಚ್ಚಲು ಬಳಕೆಯಾಗುತ್ತಿದ್ದರೆ ಹಿರಿಯರಿಗೆ ಹೇಳಿ ಆ ಬಳಕೆಯನ್ನು ನಿಲ್ಲಿಸಿ. ಭಕ್ತಿಯಿಂದಲಾದರೂ ಅದಕ್ಕೆ ಸುಣ್ಣವನ್ನಾಗಲೀ ಬಣ್ಣವನ್ನಾಗಲೀ ಬಳಿಯಬೇಡಿ; ಅಕ್ಷರದ ಗೆರೆಗಳು ಮುಚ್ಚಿಹೋಗುತ್ತವೆ. ಅದರ ಸ್ಪಷ್ಟವಾದ ಚಿತ್ರವನ್ನು ಓರೆಬಿಸಿಲಿನಲ್ಲಿ, ಅಂದರೆ ಬೆಳಿಗ್ಗೆ ಅಥವಾ ಸಂಜೆ, ತೆಗೆದು, ಊರು ಮತ್ತು ಸ್ಥಳದ ವಿವರದೊಡನೆ ರಾಜ್ಯದ ಪುರಾತತ್ತ್ವ ಇಲಾಖೆಗೋ, ಮೈಸೂರಿನಲ್ಲಿರುವ ಭಾರತೀಯ ಪುರಾತತ್ತ್ವ ಸರ್ವೇಕ್ಷಣೆಯ ಶಾಸನಶಾಸ್ತ್ರ ವಿಭಾಗಕ್ಕೋ ಕಳುಹಿಸಿ. ಶಾಸನವನ್ನು ಓದಬಲ್ಲವರು ಅಲ್ಲಿದ್ದಾರೆ.

ಬೇವಿನ ಮರದ ಕಲ್ಲಿನ ಚಿತ್ರವನ್ನು ನಾನು ಕಳುಹಿಸಿದ್ದೇನೆ. ಫ್ರಾನ್ಸಿಗೆ ಮರಳಿದ ಮಗುವು ಈಗ ಭಾನುವಾರಗಳಂದು ತಂದೆಯ ಬಳಿ ಕುಳಿತು ಅಕ್ಷರ ತಿದ್ದುತ್ತಿದೆಯಂತೆ. ಕಳೆದ ವಾರ ಫೋನಿನಲ್ಲಿ ಅದು ಕೇಳಿದ್ದು ಒಂದೇ ಪ್ರಶ್ನೆ: “ತಾತ, ಅವರ ಹೆಸರು ಗೊತ್ತಾಯಿತೇ?” ಇನ್ನೂ ಇಲ್ಲ ಮಗು ಎಂದೆ. ಗೊತ್ತಾದ ದಿನ ಮೊದಲು ಅದಕ್ಕೆ ತಿಳಿಸಿ, ಆಮೇಲೆ ಈ ಪುಟದಲ್ಲಿ ನಿಮಗೂ ತಿಳಿಸುತ್ತೇನೆ.