ಬೆಂಗಳೂರಲ್ಲಿ ಮನೆ: ಬಾಡಿಗೆಗಿಂತ ಅಡ್ವಾನ್ಸೇ ಭಾರ

ದಾವಣಗೆರೆ: ಮಗನಿಗೋ ಮಗಳಿಗೋ ಬೆಂಗಳೂರಲ್ಲಿ ಕೆಲಸ ಸಿಕ್ತು ಅಂದ್ರೆ ಜಿಲ್ಲೆಯ ಮನೆಗಳಲ್ಲಿ ಖುಷಿಯ ಬೆನ್ನಿಗೇ ಇನ್ನೊಂದು ಚಿಂತೆ ಶುರುವಾಗುತ್ತದೆ. ಮನೆ ಅಡ್ವಾನ್ಸ್‌ಗೆ ದುಡ್ಡು ಎಲ್ಲಿಂದ ತರೋದು? ಬಾಡಿಗೆ ಏರಿದ್ದನ್ನು ಎಲ್ಲರೂ ಮಾತಾಡುತ್ತಾರೆ. ಆದರೆ ಊರ ಕಡೆಯ ಕುಟುಂಬಗಳ ಸೊಂಟ ಮುರಿಯುತ್ತಿರುವುದು ಮೊದಲ ದಿನವೇ ಎಣಿಸಬೇಕಾದ ಈ ಗಂಟು.

ಲೆಕ್ಕ ನೋಡಿ

ತಿಂಗಳಿಗೆ 18,000 ರೂ. ಬಾಡಿಗೆಯ ಮನೆ ಅಂದುಕೊಳ್ಳಿ. ಬೆಂಗಳೂರಿನ ಹಳೇ ರೂಢಿಯಂತೆ 10 ತಿಂಗಳ ಅಡ್ವಾನ್ಸ್ ಅಂದರೆ 1.80 ಲಕ್ಷ. ಮೊದಲ ತಿಂಗಳ ಬಾಡಿಗೆ, ಬ್ರೋಕರ್‌ಗೆ ಒಂದು ತಿಂಗಳದ್ದು ಸೇರಿದರೆ 2.16 ಲಕ್ಷ. ಮೊದಲ ಸಂಬಳ ಇನ್ನೂ ಕೈಗೆ ಬಂದಿರಲ್ಲ. ಅಡಿಕೆ, ಮೆಕ್ಕೆಜೋಳ ಮಾರಿದ ದುಡ್ಡು ಇದ್ದರೆ ಸರಿ, ಇಲ್ಲದಿದ್ದರೆ ಬಂಗಾರ ಅಡ ಇಡಬೇಕು ಅಥವಾ ಕೈಸಾಲ ಮಾಡಬೇಕು. ಆ 1.80 ಲಕ್ಷವನ್ನು ನೂರಕ್ಕೆ ಎರಡು ರೂಪಾಯಿ ಬಡ್ಡಿಗೆ ತಂದರೆ ತಿಂಗಳಿಗೆ 3,600 ರೂ. ಬಡ್ಡಿಯೇ ಆಯ್ತು. ಅಲ್ಲಿಗೆ ನಿಜವಾದ ಬಾಡಿಗೆ 21,600! ಓನರ್ ಮಾತ್ರ ಆ ಹಣಕ್ಕೆ ನಯಾಪೈಸೆ ಬಡ್ಡಿ ಕೊಡಲ್ಲ. ಬಿಡುವಾಗ ಪೇಂಟಿಂಗ್ ಅಂತ ಒಂದು ತಿಂಗಳದ್ದು ಮುರಿದುಕೊಳ್ಳುವುದೂ ಮಾಮೂಲು.

ಕಾನೂನು ಏನನ್ನುತ್ತೆ?

ರಾಜ್ಯದಲ್ಲಿ 1999ರ ಬಾಡಿಗೆ ಕಾಯ್ದೆ ಇದೆ. ಆದರೆ ಬೆಂಗಳೂರಿನಲ್ಲಿ ತಿಂಗಳಿಗೆ 3,500 ರೂ. ಮೀರಿದ ಬಾಡಿಗೆಗೆ ಅದು ಅನ್ವಯಿಸುವುದೇ ಇಲ್ಲ. ಇವತ್ತು ಆ ದುಡ್ಡಿಗೆ ಅಲ್ಲಿ ಯಾವ ಮನೆ ಸಿಗುತ್ತೆ?

ಕೇಂದ್ರ ಸಂಪುಟ 2021ರ ಜೂನ್‌ನಲ್ಲಿ ಮಾದರಿ ಬಾಡಿಗೆ ಕಾಯ್ದೆಗೆ ಒಪ್ಪಿಗೆ ಕೊಟ್ಟಿತು. ಅದರಂತೆ ವಾಸದ ಮನೆಗೆ ಎರಡು ತಿಂಗಳಿಗಿಂತ ಹೆಚ್ಚು ಅಡ್ವಾನ್ಸ್ ಕೇಳುವಂತಿಲ್ಲ. ನಮ್ಮ ಲೆಕ್ಕದಲ್ಲಿ 1.80 ಲಕ್ಷದ ಜಾಗದಲ್ಲಿ ಬರೀ 36,000. ಆದರೆ ರಾಜ್ಯಗಳು ತಾವಾಗಿ ಕಾನೂನು ಮಾಡಿದರಷ್ಟೇ ಇದು ಜಾರಿ. ಉತ್ತರ ಪ್ರದೇಶ 2021ರಲ್ಲೇ ಮಾಡಿಕೊಂಡಿದೆ.

ಓನರ್‌ಗಳ ಭಯ

ಓನರ್‌ಗಳ ಕಡೆಯೂ ಒಂದು ಮಾತಿದೆ. ಬಾಡಿಗೆ ಬಾಕಿ ಇಟ್ಟು, ಮನೆಯನ್ನೂ ಬಿಡದೆ ಕೂತರೆ ಕೋರ್ಟ್‌ಗೆ ವರ್ಷಗಟ್ಟಲೆ ಅಲೆಯಬೇಕು. ದೊಡ್ಡ ಅಡ್ವಾನ್ಸ್ ಹುಟ್ಟಿದ್ದೇ ಈ ಭಯದಿಂದ. ಮಾದರಿ ಕಾಯ್ದೆಯಲ್ಲಿ ಇದಕ್ಕೂ ದಾರಿ ಇದೆ: ವ್ಯಾಜ್ಯಕ್ಕೆ ಪ್ರತ್ಯೇಕ ಬಾಡಿಗೆ ನ್ಯಾಯಾಲಯ, ಅವಧಿ ಮುಗಿದರೂ ಬಿಡದವರಿಗೆ ಮೊದಲ ಎರಡು ತಿಂಗಳು ದುಪ್ಪಟ್ಟು, ಆಮೇಲೆ ನಾಲ್ಕು ಪಟ್ಟು ಬಾಡಿಗೆ. ಭಯ ಹೋದರೆ ಗಂಟು ಕೇಳಲು ನೆಪವೂ ಇರಲ್ಲ.

ಅಲ್ಲಿಯವರೆಗೆ

ಈಗ ಮನೆ ಹುಡುಕುವವರು ಇಷ್ಟಾದರೂ ಮಾಡಿ. 10 ತಿಂಗಳು ಅಂದ ಕೂಡಲೇ ಒಪ್ಪಬೇಡಿ, ಚೌಕಾಸಿ ಮಾಡಿ. ಐದಾರು ತಿಂಗಳಿಗೆ ಇಳಿಯುವ ಓನರ್‌ಗಳೂ ಇದ್ದಾರೆ. ಅಡ್ವಾನ್ಸನ್ನು ಬ್ಯಾಂಕ್ ಮೂಲಕವೇ ಕೊಡಿ. ಒಂದು ವರ್ಷ ಮೀರಿದ ಕರಾರಿಗೆ ನೋಂದಣಿ ಕಡ್ಡಾಯ ಅನ್ನೋ ಕಾರಣಕ್ಕೆ 11 ತಿಂಗಳ ಅಗ್ರಿಮೆಂಟ್ ಮಾಡುತ್ತಾರೆ. ಅದರಲ್ಲೇ ಪೇಂಟಿಂಗ್‌ಗೆ ಎಷ್ಟು ಹಿಡಿಯುತ್ತಾರೆ, ಮನೆ ಬಿಟ್ಟ ಎಷ್ಟು ದಿನದಲ್ಲಿ ಹಣ ವಾಪಸ್ ಅನ್ನೋದನ್ನು ಬರೆಸಿ. ಒಳಗೆ ಹೋದ ದಿನವೇ ಗೋಡೆ, ನಲ್ಲಿ, ಬಾತ್‌ರೂಮ್ ಫೋಟೊ ತೆಗೆದಿಡಿ.

ಇದು ಬೆಂಗಳೂರಿನವರ ಸಮಸ್ಯೆ ಅಂತ ನಮ್ಮ ಶಾಸಕರು ಸುಮ್ಮನಿರುವಂತಿಲ್ಲ. ಅಲ್ಲಿ ಬಡ್ಡಿಯಿಲ್ಲದೆ ಕೂತಿರುವುದು ಚನ್ನಗಿರಿ, ಹೊನ್ನಾಳಿ, ಜಗಳೂರಿನ ಮನೆಗಳ ದುಡ್ಡು. ಎರಡು ತಿಂಗಳ ಮಿತಿ ಯಾವಾಗ ಅಂತ ಸದನದಲ್ಲಿ ಅವರೇ ಕೇಳಬೇಕು.